ಟಿ.ವಿ. ಕಟ್ಟೆಯ ಪಂಚಾಯಿತಿಯಲ್ಲಿ ನಮ್ಮ ಮಾತು ಎಲ್ಲಿದೆ?



ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ನಮ್ಮ ಬಹುತೇಕ ಮನೆಗಳಲ್ಲಿ ಎರಡು ಬಗೆಯ ಸದ್ದು ಕೇಳಿಸುತ್ತದೆ. ಒಂದು ಧಾರಾವಾಹಿಯದು, ಇನ್ನೊಂದು ಸುದ್ದಿ ವಾಹಿನಿಯ ಚರ್ಚೆಯದು. ಧಾರಾವಾಹಿಗಳು ಅತ್ತೆ ಸೊಸೆಯರನ್ನು ಹೇಗೆ ತೋರಿಸುತ್ತವೆ ಎಂಬುದರ ಬಗ್ಗೆ ಮಹಿಳಾ ಸಂಘಟನೆಗಳು ಬಹಳ ವರ್ಷಗಳಿಂದ ಮಾತಾಡಿವೆ, ಬರೆದಿವೆ. ಅದು ಕಟ್ಟುಕತೆ ಎಂಬುದು ನೋಡುವವರಿಗೂ ಗೊತ್ತು. ಚರ್ಚೆಯ ಕಾರ್ಯಕ್ರಮ ಹಾಗಲ್ಲ. ಅದು ಸತ್ಯ ಎಂಬ ಹೆಸರಿನಲ್ಲಿ ಮನೆಯೊಳಗೆ ಬರುತ್ತದೆ. ಬಂದದ್ದು ಟಿ.ವಿ. ಆರಿಸಿದ ಮೇಲೂ ಹೊರಗೆ ಹೋಗುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆಗಳು ನಮ್ಮ ನಾಲಿಗೆಗೆ ಹತ್ತಿಕೊಂಡಿವೆ, ನಮ್ಮ ಸಂಘದ ಸಭೆಗೂ ಬಂದು ಕೂತಿವೆ. ಅದನ್ನು ಹೇಳಲೆಂದೇ ಈ ಲೇಖನ.

ಎರಡು ಸಾಲಿನಿಂದ ಎರಡು ಗಂಟೆಗೆ

ತೊಂಬತ್ತರ ದಶಕದ ದಿನಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು. ಒಳಪುಟದ ಮೂಲೆಯಲ್ಲಿ ಎರಡು ಸಾಲು ಇರುತ್ತಿತ್ತು: ಸ್ಟವ್ ಸಿಡಿದು ಗೃಹಿಣಿ ಸಾವು. ಹೆಂಡತಿ ಅಡಿಗೆ ಮಾಡುವಾಗ ಸಿಡಿಯುವ ಸ್ಟವ್ ಅತ್ತೆ ಕಾಫಿ ಕಾಯಿಸುವಾಗ ಯಾಕೆ ಸಿಡಿಯುವುದಿಲ್ಲ ಎಂದು ಆಗ ಮಹಿಳಾ ಸಂಘಟನೆಗಳು ಕೇಳಿದವು. ಬೆಂಗಳೂರಿನ ವಿಮೋಚನಾ ಸಂಘಟನೆ ಪೊಲೀಸ್ ಠಾಣೆಗಳ ದಾಖಲೆ ಹುಡುಕಿ, ಸುಟ್ಟಗಾಯಗಳ ವಾರ್ಡಿನಲ್ಲಿ ಸಾಯುತ್ತಿದ್ದ ಹೆಂಗಸರ ಮಾತು ಕೇಳಿ, 'ಆಕಸ್ಮಿಕ' ಎಂದು ಮುಚ್ಚಿಹೋದ ಎಷ್ಟೋ ಸಾವುಗಳನ್ನು ಬೆಳಕಿಗೆ ತಂದಿತು. ಆ ಎರಡು ಸಾಲು ನಾಲ್ಕು ಸಾಲಾಗಲಿ, ಅದರಲ್ಲಿ ಅವಳ ಮಾತೂ ಇರಲಿ ಎಂದು ನಮ್ಮ ಹಿರಿಯರು ಪತ್ರಿಕಾ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದರು.

2006ರಲ್ಲಿ ಟಿವಿ9 ಕನ್ನಡ ಶುರುವಾಯಿತು. ಆಮೇಲೆ ದಿನವಿಡೀ ಸುದ್ದಿ ಹೇಳುವ ವಾಹಿನಿಗಳು ಒಂದರ ಹಿಂದೊಂದು ಬಂದವು. ಇವತ್ತು ಒಬ್ಬ ಹೆಂಗಸಿನ ಸಾವಿಗೆ, ಒಂದು ಮನೆಯ ಜಗಳಕ್ಕೆ, ಎರಡು ಗಂಟೆಯ ಪ್ರಸಾರ ಸಿಗುತ್ತದೆ. ಮದುವೆ ಮಂಟಪದ ವಿಡಿಯೋ, ಅವಳ ಫೋಟೋ, ಅಳುವ ತಾಯಿ, ಠಾಣೆಯ ಮುಂದಿನ ಗದ್ದಲ, ಹಿಂದೆ ಸಂಗೀತ. ನಾವು ಕೇಳಿದ್ದು ಇದನ್ನೇ ಏನು? ಅಂದು ಎರಡು ಸಾಲಿನಲ್ಲಿ ಅವಳ ಮಾತು ಇರಲಿಲ್ಲ. ಇಂದು ಎರಡು ಗಂಟೆಯಲ್ಲೂ ಇಲ್ಲ. ಮುಚ್ಚಿಡುವ ಕಾಲ ಹೋಗಿ ತೋರಿಸುವ ಕಾಲ ಬಂತು. ಕೇಳುವ ಕಾಲ ಇನ್ನೂ ಬರಲಿಲ್ಲ.

ಕಟ್ಟೆಯ ಮೇಲೆ ಯಾರಿದ್ದಾರೆ?

ಹಿಂದೆ ಊರ ಅರಳಿಕಟ್ಟೆಯ ಪಂಚಾಯಿತಿಯಲ್ಲಿ ಗಂಡಸರು ಕಟ್ಟೆಯ ಮೇಲೆ ಕೂರುತ್ತಿದ್ದರು, ಹೆಂಗಸು ದೂರದಲ್ಲಿ ಸೆರಗು ಹೊದ್ದು ನಿಲ್ಲುತ್ತಿದ್ದಳು. ಈಗಿನ ಕಟ್ಟೆಗೆ ಬಣ್ಣಬಣ್ಣದ ದೀಪ ಹಾಕಿದ್ದಾರೆ, ಅಷ್ಟೇ. ಪರದೆಯ ಮೇಲೆ ಆರು ಚೌಕಗಳು. ಒಬ್ಬರು ವಕೀಲರು, ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ, ಒಬ್ಬರು ಪುರುಷರ ಹಕ್ಕಿನ ಸಂಘದವರು, ಒಮ್ಮೊಮ್ಮೆ ಒಬ್ಬ ಜ್ಯೋತಿಷಿ. ಜಾತಕದಲ್ಲಿ ಕುಜದೋಷ ಇತ್ತೇ ಎಂಬುದೂ ಹೊಡೆತ ತಿಂದವಳ ಪ್ರಕರಣದಲ್ಲಿ ಒಂದು ಚರ್ಚೆ! ಕೊನೆಯ ಚೌಕದಲ್ಲಿ ಮಹಿಳಾ ಸಂಘಟನೆಯ ಒಬ್ಬರು. ಅವರು ಬಾಯಿ ತೆರೆದ ಅರ್ಧ ನಿಮಿಷಕ್ಕೆ ಜಾಹೀರಾತು ಬರುತ್ತದೆ.

ನಡುವೆ ನಿರೂಪಕರು. ಅವರಲ್ಲಿ ಓದಿಕೊಂಡವರಿದ್ದಾರೆ, ನಿಜವಾದ ಕಾಳಜಿಯವರಿದ್ದಾರೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ವಿರುದ್ಧ ಜನ ಬೀದಿಗಿಳಿದಾಗ ಟಿ.ವಿ. ಆ ಸಿಟ್ಟನ್ನು ಊರೂರಿಗೆ ತಲುಪಿಸಿತು. ನ್ಯಾಯಮೂರ್ತಿ ವರ್ಮಾ ಸಮಿತಿ ರಚನೆಯಾಯಿತು, 2013ರಲ್ಲಿ ಕಾನೂನು ಬದಲಾಯಿತು. ಇದನ್ನು ಮರೆಯಬಾರದು. ಆದರೆ ದಿನನಿತ್ಯದ ಚರ್ಚೆಯಲ್ಲಿ ನಿರೂಪಕರ ಕುರ್ಚಿ ಮೂರು ಕೆಲಸ ಒಟ್ಟಿಗೆ ಮಾಡುತ್ತಿದೆ. ಅವರೇ ಪೊಲೀಸ್, ಅವರೇ ವಕೀಲ, ಅವರೇ ನ್ಯಾಯಾಧೀಶ. 'ಒಂದೇ ಮಾತಲ್ಲಿ ಹೇಳಿ, ಹೌದೋ ಅಲ್ಲವೋ?' ಎಂದು ಬೆರಳು ತೋರಿಸಿ ಗದರುತ್ತಾರೆ. ಹತ್ತು ವರ್ಷ ಸಹಿಸಿದ ಬಾಳನ್ನು ಒಂದೇ ಮಾತಲ್ಲಿ ಹೇಳುವುದು ಹೇಗೆ? ನ್ಯಾಯಾಧೀಶರು ಎರಡೂ ಕಡೆ ಕೇಳಬೇಕು, ಸಾಕ್ಷಿ ನೋಡಬೇಕು, ತೀರ್ಪಿಗೆ ಕಾರಣ ಬರೆಯಬೇಕು, ಅದರ ಮೇಲೆ ಅಪೀಲು ಹೋಗಬಹುದು. ಸ್ಟುಡಿಯೋದ ತೀರ್ಪಿನ ಮೇಲೆ ಅಪೀಲು ಎಲ್ಲಿ?

ಇನ್ನು ಅವರು ಬಳಸುವ ಭಾಷೆ. ಗಂಡ ಹೆಂಡತಿಯನ್ನು ಕೊಂದರೆ ಪರದೆಯ ಕೆಳಗೆ 'ಕ್ಷುಲ್ಲಕ ಕಾರಣಕ್ಕೆ ಪತ್ನಿಯ ಕೊಲೆ' ಎಂದು ಓಡುತ್ತದೆ. ಸಾರಿಗೆ ಉಪ್ಪು ಕಮ್ಮಿ ಎಂಬುದು ಕ್ಷುಲ್ಲಕ ಇರಬಹುದು. ಆದರೆ ಕೊಲೆಗೆ ಕಾರಣ ಉಪ್ಪಲ್ಲ. ಹೆಂಡತಿ ತನ್ನ ಸ್ವತ್ತು, ಹೊಡೆಯುವುದು ತನ್ನ ಹಕ್ಕು ಎಂಬ ನಂಬಿಕೆಯೇ ಕಾರಣ. ಅದು ಕ್ಷುಲ್ಲಕ ಅಲ್ಲ. ಅದೇ ಆರೋಪ ಹೆಂಗಸಿನ ಮೇಲೆ ಬಂದರೆ ಅವಳು 'ಐನಾತಿ ಹೆಂಡ್ತಿ', 'ಖತರ್ನಾಕ್ ಲೇಡಿ'. ಕೊಂದ ಗಂಡಸಿನ ಸಿಟ್ಟಿಗೆ ಕಾರಣ ಹುಡುಕುವವರು ಆರೋಪ ಹೊತ್ತ ಹೆಂಗಸಿನ ನಡತೆಗೆ ಮಾತ್ರ ಹೆಸರು ಇಡುತ್ತಾರೆ.

ಅರ್ಧ ತೀರ್ಪು ಓದಿದವರು

2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಬ್ಬ ತಂತ್ರಜ್ಞಾನ ಉದ್ಯೋಗಿ ಹೆಂಡತಿಯ ಕಡೆಯವರ ಮೇಲೆ ಆರೋಪ ಹೊರಿಸಿ ಆತ್ಮಹತ್ಯೆ ಮಾಡಿಕೊಂಡರು. ಆ ಸಾವು ನೋವಿನದು. ಅದನ್ನು ಹಗುರ ಮಾಡುವುದು ನಮ್ಮ ಕೆಲಸವಲ್ಲ. ಆದರೆ ಆ ಒಂದು ವಾರ ಹಲವು ವಾಹಿನಿಗಳ ಸಂಜೆಯ ಚರ್ಚೆ ಏನಾಗಿತ್ತು? 498ಎ ಕಾನೂನು ಹೆಂಗಸರ ಕೈಯ ಆಯುಧ, ಅದನ್ನು ತೆಗೆಯಬೇಕೋ ಬೇಡವೋ ಎಂಬುದಾಗಿತ್ತು. 1983ರಲ್ಲಿ, ವರದಕ್ಷಿಣೆ ಸಾವುಗಳ ವಿರುದ್ಧ ದೇಶದಾದ್ಯಂತ ನಡೆದ ಹೋರಾಟದಿಂದ ಬಂದ ಕಲಮು ಅದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೇ ಕಲಮುಗಳಾಗಿ ಉಳಿದಿದೆ.

ಅದೇ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ತೆಲಂಗಾಣದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಗಂಡನ ಇಡೀ ಕುಟುಂಬವನ್ನು ನಿರ್ದಿಷ್ಟ ಆರೋಪವಿಲ್ಲದೆ ಕೇಸಿನಲ್ಲಿ ಸೇರಿಸುವ ಪ್ರವೃತ್ತಿ ಬೆಳೆಯುತ್ತಿದೆ, ಇದು ಕಾನೂನಿನ ದುರ್ಬಳಕೆ ಎಂದು ಅದರಲ್ಲಿ ಹೇಳಿದ್ದು ನಿಜ. ಈ ಮಾತು ಪರದೆಯ ಮೇಲೆ ದಿನಗಟ್ಟಲೆ ಓಡಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಕ್ರೌರ್ಯ ಅನುಭವಿಸಿದ ಹೆಂಗಸು ಸುಮ್ಮನಿರಬೇಕು, ದೂರು ಕೊಡಬಾರದು ಎಂದು ನಾವು ಹೇಳುತ್ತಿಲ್ಲ ಎಂದು ನ್ಯಾಯಮೂರ್ತಿಗಳು ಸ್ಪಷ್ಟವಾಗಿ ಬರೆದಿದ್ದಾರೆ. ಮೊದಲ ಮಾತು ಕೇಳಿದ ನಿಮ್ಮಲ್ಲಿ ಎಷ್ಟು ಜನ ಎರಡನೆಯದನ್ನು ಟಿ.ವಿ.ಯಲ್ಲಿ ಕೇಳಿದ್ದೀರಿ? ಅರ್ಧ ತೀರ್ಪು ಓದಿದರೆ ಅದು ಸುದ್ದಿಯಲ್ಲ, ಪಕ್ಷ ವಹಿಸಿದಂತೆ.

'ದೂರು ಕೊಟ್ಟ ಮರುದಿನವೇ ಮುದುಕ ಅತ್ತೆ ಮಾವನನ್ನು ಜೈಲಿಗೆ ಹಾಕುತ್ತಾರೆ' ಎಂಬ ಮಾತನ್ನೂ ಚರ್ಚೆಗಳಲ್ಲಿ ಕೇಳುತ್ತೇವೆ. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿದೆ. ಬಂಧನ ಯಾಕೆ ಬೇಕು ಎಂಬ ಕಾರಣವನ್ನು ಪೊಲೀಸರು ಬರೆದಿಡಬೇಕು, ಬೇಡವೆಂದರೆ ನೋಟಿಸ್ ಕೊಟ್ಟು ಕರೆಯಬೇಕು. ಇನ್ನೊಂದು ವಾದ, ಶಿಕ್ಷೆ ಆಗುವುದು ಕಡಿಮೆ, ಆದ್ದರಿಂದ ದೂರುಗಳು ಸುಳ್ಳು ಎಂಬುದು. ಕೋರ್ಟಿಗೆ ಅಲೆದವರಿಗೆ ನಿಜ ಗೊತ್ತು. ವರ್ಷಗಟ್ಟಲೆ ವಾಯಿದೆ ಬೀಳುತ್ತದೆ. ತವರಿನವರು ಸೋತು ರಾಜಿಗೆ ಒತ್ತಾಯಿಸುತ್ತಾರೆ. ಪಕ್ಕದ ಮನೆಯವರು ಸಾಕ್ಷಿ ಹೇಳಲು ಬರುವುದಿಲ್ಲ. ಜೀವನಾಂಶಕ್ಕಾಗಿ ಅವಳೇ ಕೇಸು ಹಿಂತೆಗೆದುಕೊಳ್ಳುತ್ತಾಳೆ. ರುಜುವಾತಾಗದ ಕೇಸೆಲ್ಲ ಸುಳ್ಳು ಕೇಸಲ್ಲ.

ಈಗ ಇನ್ನೊಂದು ಲೆಕ್ಕ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಇಪ್ಪತ್ತು ಜನರ ಸಂಘವೆಂದರೆ ಎಂಟೊಂಬತ್ತು ಜನ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಅಂದರೆ ಆ ಎಂಟೊಂಬತ್ತು ಜನರಲ್ಲಿ ಬಾಯಿ ಬಿಟ್ಟವಳು ಒಬ್ಬಳು. 2022ರ ಒಂದೇ ವರ್ಷ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು ಆರು ಸಾವಿರ ದಾಟಿವೆ. ದಿನಕ್ಕೆ ಹದಿನೇಳರಂತೆ ಆಯಿತು. 'ದೂರು ಕೊಡುವವರು ಜಾಸ್ತಿಯಾದರು' ಎಂದು ಗದ್ದಲ ಮಾಡುವವರು 'ಇಷ್ಟು ಜನ ದೂರು ಕೊಡದೆ ಯಾಕೆ ಉಳಿದರು?' ಎಂಬ ವಿಷಯಕ್ಕೆ ಒಂದು ಸಂಜೆ ಕೊಟ್ಟದ್ದನ್ನು ನಾನು ನೋಡಿಲ್ಲ.

ಬಾಗಿಲು ಮುಚ್ಚಿ ಕೇಳಬೇಕಾದ ಮಾತು

ಸಂಸಾರದ ನೋವನ್ನು ಬೀದಿಗೆ ಹಾಕಬಾರದು ಎಂಬುದು ಕಾನೂನಿಗೂ ಗೊತ್ತಿದೆ. ಹಿಂದೂ ವಿವಾಹ ಕಾಯಿದೆಯ 22ನೇ ಕಲಮಿನ ಪ್ರಕಾರ ವಿಚ್ಛೇದನದಂಥ ಪ್ರಕರಣಗಳ ವಿಚಾರಣೆ ಬಾಗಿಲು ಮುಚ್ಚಿ ನಡೆಯಬೇಕು. ಅಲ್ಲಿ ನಡೆದದ್ದನ್ನು ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ ದಂಡ. ಎಷ್ಟು ಗೊತ್ತೇ? ಹೆಚ್ಚೆಂದರೆ ಒಂದು ಸಾವಿರ ರೂಪಾಯಿ! ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯಿದೆ 2005 ಕೂಡ ಗೋಪ್ಯ ವಿಚಾರಣೆಗೆ ಅವಕಾಶ ಕೊಟ್ಟಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೇಳಿದರೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ನ್ಯಾಯಾಲಯ ಇಷ್ಟು ಜತನದಿಂದ ಮುಚ್ಚಿದ ಬಾಗಿಲನ್ನು ಸ್ಟುಡಿಯೋ ಒದ್ದು ತೆರೆಯುತ್ತದೆ.

ನನಗೂ ಒಮ್ಮೆ ಒಂದು ವಾಹಿನಿಯಿಂದ ಫೋನು ಬಂದಿತ್ತು. 'ಮೇಡಂ, ನಿಮ್ಮ ಹತ್ತಿರ ಯಾವುದಾದರೂ ಕೇಸು ಇದ್ದರೆ ಸಂಜೆಗೆ ಕಳಿಸಿ, ಮುಖ ಮಸುಕು ಮಾಡ್ತೀವಿ' ಎಂದರು. ಹಳ್ಳಿಯಲ್ಲಿ ಹೆಂಗಸನ್ನು ಮುಖ ನೋಡಿಯೇ ಗುರುತಿಸಬೇಕೇ? ದನಿ ಸಾಕು, ಸೀರೆ ಸಾಕು, ಹಿಂದೆ ಕಾಣುವ ತುಳಸಿಕಟ್ಟೆ ಸಾಕು. ಕಾರ್ಯಕ್ರಮ ಹತ್ತು ಗಂಟೆಗೆ ಮುಗಿಯುತ್ತದೆ. ಅವಳು ಹೋಗಿ ಮಲಗಬೇಕಾದದ್ದು ಅದೇ ಮನೆಯಲ್ಲಿ. ಹನ್ನೊಂದು ಗಂಟೆಗೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಟಿ.ವಿ.ಯ ಅವಸರದ ತೀರ್ಪು ಹೆಂಗಸರಿಗೆ ಏನು ಮಾಡಿದೆ ಎಂಬುದಕ್ಕೆ ಉದಾಹರಣೆಗಳಿಗೆ ಕೊರತೆಯಿಲ್ಲ. 2007ರಲ್ಲಿ ದೆಹಲಿಯ ಒಬ್ಬ ಶಾಲಾ ಶಿಕ್ಷಕಿ ವಿದ್ಯಾರ್ಥಿನಿಯರನ್ನು ದಂಧೆಗೆ ತಳ್ಳುತ್ತಾಳೆ ಎಂದು ಲೈವ್ ಇಂಡಿಯಾ ವಾಹಿನಿ 'ಕುಟುಕು ಕಾರ್ಯಾಚರಣೆ' ತೋರಿಸಿತು. ಜನ ಶಾಲೆಗೆ ನುಗ್ಗಿ ಅವರನ್ನು ಹೊಡೆದು ಬಟ್ಟೆ ಹರಿದರು. ಆಮೇಲೆ ಪೊಲೀಸ್ ತನಿಖೆಯಲ್ಲಿ ಅದು ಕಟ್ಟಿದ ಕತೆ ಎಂದು ಗೊತ್ತಾಯಿತು. ಸರ್ಕಾರ ಆ ವಾಹಿನಿಯ ಪ್ರಸಾರವನ್ನು ಒಂದು ತಿಂಗಳು ನಿಲ್ಲಿಸಿತು. ಶಿಕ್ಷಕಿಯ ಮಾನಕ್ಕೆ ಎಷ್ಟು ತಿಂಗಳು? 2020ರಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಾಗ ರಿಯಾ ಚಕ್ರವರ್ತಿಯ ಮೇಲೆ ರಾತ್ರಿರಾತ್ರಿ ಸ್ಟುಡಿಯೋಗಳಲ್ಲಿ ವಿಚಾರಣೆ ನಡೆಯಿತು, ಮಾಟಮಂತ್ರದ ಮಾತೂ ಬಂತು. ತನಿಖೆ ನಡೆಯುವಾಗ ಹೀಗೆ ಮಾಧ್ಯಮ ವಿಚಾರಣೆ ನಡೆಸುವುದು ನ್ಯಾಯದಾನಕ್ಕೆ ಅಡ್ಡಿ ಎಂದು ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿತು. ಅಷ್ಟು ಹೊತ್ತಿಗೆ ಕೂಗಿದವರು ಬೇರೆ ವಿಷಯ ಹಿಡಿದಿದ್ದರು.

ನಮ್ಮ ರಾಜ್ಯದ್ದೇ ಇನ್ನೊಂದು ಮಾತು. 2024ರಲ್ಲಿ ಹಾಸನದ ಲೈಂಗಿಕ ದೌರ್ಜನ್ಯದ ವಿಡಿಯೋಗಳು ಹರಿದಾಡಿದಾಗ ಎಷ್ಟೊಂದು ಚರ್ಚೆ, ಎಷ್ಟೊಂದು ರಾಜಕೀಯ ಲೆಕ್ಕಾಚಾರ! ಆದರೆ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು ಸ್ಟುಡಿಯೋದ ಕೂಗಿನಿಂದ ಅಲ್ಲ. ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ನ್ಯಾಯಾಲಯದೊಳಗೆ ನಿಂತು ಹೇಳಿದ ಸಾಕ್ಷಿಯಿಂದ.

ವಾರದ ಲೆಕ್ಕ

ಇದೆಲ್ಲ ಯಾಕೆ ಹೀಗೆ? ನಮ್ಮ ಸಂಘಕ್ಕೆ ವಾರದ ಪುಸ್ತಕ ಇರುವಂತೆ ವಾಹಿನಿಗಳಿಗೂ ವಾರದ ಲೆಕ್ಕ ಇದೆ. ಅದರ ಹೆಸರು ಟಿ.ಆರ್.ಪಿ. ಬಾರ್ಕ್ ಎಂಬ ಸಂಸ್ಥೆ ಆರಿಸಿದ ಕೆಲವು ಮನೆಗಳ ಟಿ.ವಿ.ಗೆ ಮೀಟರು ಜೋಡಿಸುತ್ತದೆ. 2020ರ ಹೊತ್ತಿಗೆ ಇಡೀ ದೇಶಕ್ಕೆ ಅಂಥ ಮನೆಗಳು ಸುಮಾರು 44,000. ಆ ಮನೆಗಳು ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಿದವು ಎಂಬುದರ ಮೇಲೆ ಅಂಕ, ಅಂಕದ ಮೇಲೆ ಜಾಹೀರಾತಿನ ದರ. ಆ ವರ್ಷದ ಅಕ್ಟೋಬರ್‌ನಲ್ಲಿ, ಕೆಲವು ಮೀಟರು ಮನೆಗಳಿಗೆ ದುಡ್ಡು ಕೊಟ್ಟು ವಾಹಿನಿ ಹಾಕಿಸಲಾಗಿದೆ ಎಂದು ಮುಂಬೈ ಪೊಲೀಸರು ಆರೋಪಿಸಿದರು. ಸುದ್ದಿ ವಾಹಿನಿಗಳ ವಾರದ ಅಂಕ 2022ರ ಮಾರ್ಚ್‌ವರೆಗೆ ನಿಂತೇ ಹೋಗಿತ್ತು.

ವರದಿಗಾರರನ್ನು ಹಳ್ಳಿಗೆ ಕಳಿಸಿ ನಾಲ್ಕು ದಿನ ವಿಷಯ ಹುಡುಕಿಸುವುದಕ್ಕೆ ಖರ್ಚಿದೆ. ಆರು ಜನರನ್ನು ಕೂರಿಸಿ ಜಗಳ ಹಚ್ಚುವುದಕ್ಕೆ ಖರ್ಚಿಲ್ಲ. ಗೃಹ ಹಿಂಸೆ ಕಾಯಿದೆಯಡಿ ಅರ್ಜಿ ಎಲ್ಲಿ ಕೊಡಬೇಕು ಎಂದು ಹೇಳಿದರೆ ಯಾರೂ ಕಿರುಚುವುದಿಲ್ಲ, ಅಂಕ ಬರುವುದಿಲ್ಲ. ನಮ್ಮ ಕಣ್ಣೀರು ಅಲ್ಲಿ ಸರಕು. ವರದಕ್ಷಿಣೆಯಲ್ಲಿ ಹೆಣ್ಣಿಗೆ ಬೆಲೆ ಕಟ್ಟಿದರು, ಇಲ್ಲಿ ಅವಳ ಅಳುವಿಗೆ ಬೆಲೆ ಕಟ್ಟುತ್ತಾರೆ.

ಸಂಘಕ್ಕೆ ಬಂದ ಪ್ರಶ್ನೆಗಳು

ವಾಹಿನಿಗಳನ್ನು ಬೈದು ಮುಗಿಸಿದರೆ ಸಾಲದು. ನನ್ನನ್ನು ಹೆಚ್ಚು ಕಾಡುವುದು ನಮ್ಮ ನಡುವೆ ಆಗುತ್ತಿರುವುದು. ಒಂದು ಸಂಘದ ವಾರದ ಸಭೆಯಲ್ಲಿ ನಾನಿದ್ದೆ. ಒಬ್ಬ ಸದಸ್ಯೆ ಕಂತು ಕಟ್ಟಿ, ಎಲ್ಲರೂ ಎದ್ದ ಮೇಲೂ ಕೂತೇ ಇದ್ದಳು. ಕೇಳಿದಾಗ ತೋಳಿನ ಗಾಯ ತೋರಿಸಿದಳು. ತಕ್ಷಣ ಪ್ರಶ್ನೆಗಳು ಬಂದವು. 'ಅವನು ಹೊಡೆಯೋ ಮುಂಚೆ ನೀನೇನಂದೆ?' 'ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?' 'ವಿಡಿಯೋ ಐತಾ?' 'ಕಂಪ್ಲೇಂಟ್ ಕೊಟ್ರೆ ದುಡ್ಡಿಗೋಸ್ಕರ ಅಂತಾರೆ, ನೋಡ್ಕೊ ತಂಗಿ.' ಕೇಳಿದವರು ಕೆಟ್ಟವರಲ್ಲ. ಅವಳ ಕಷ್ಟಕ್ಕೆ ಸಾಲ ಕೊಟ್ಟವರು, ಅವಳ ಬಾಣಂತನಕ್ಕೆ ಬಂದವರು. ಆದರೆ ಆ ಪ್ರಶ್ನೆಗಳು ಅವರವಲ್ಲ. ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಕೇಳಿದವು. ಅವಳು ಪಾಸ್‌ಬುಕ್ ಎತ್ತಿಕೊಂಡು, 'ಏನಿಲ್ಲಕ್ಕ, ಬಿಡಿ' ಎಂದು ಹೊರಟಳು. ಮುಂದಿನ ಮೂರು ವಾರ ಕಂತು ಮಗಳ ಕೈಯಲ್ಲಿ ಬಂತು.

ಸಂಘ ಎಂದರೆ ಉಳಿತಾಯ, ಸಾಲ ಮಾತ್ರವಲ್ಲ. ಎಷ್ಟೋ ಹೆಂಗಸರಿಗೆ ಗಂಡನ ಅಪ್ಪಣೆ ಕೇಳದೆ ಹೋಗಬಹುದಾದ ಒಂದೇ ಜಾಗ ಅದು. ಆ ಜಾಗವೂ ಸ್ಟುಡಿಯೋ ಆದರೆ ಅವಳು ಎಲ್ಲಿ ಬಾಯಿ ಬಿಡಬೇಕು?

ಆದ್ದರಿಂದ ನಮ್ಮ ಪ್ರಶ್ನೆಗಳನ್ನು ನಾವೇ ಮಾಡಿಕೊಳ್ಳೋಣ. ಇವತ್ತು ರಾತ್ರಿ ಎಲ್ಲಿ ಮಲಗ್ತೀಯ? ಮಕ್ಕಳೆಲ್ಲಿದ್ದಾರೆ? ಊಟ ಆಯಿತಾ? ಆಸ್ಪತ್ರೆಗೆ ಹೋಗಬೇಕಾ? ನಾವೇನು ಮಾಡಬೇಕು ಅಂತ ನಿನಗನ್ನಿಸುತ್ತೆ? ಯಾರ ತಪ್ಪು ಎಂಬುದನ್ನು ತೀರ್ಮಾನಿಸಲು ಕೋರ್ಟಿದೆ. ಅವಳು ಬದುಕಿ ಕೋರ್ಟಿನವರೆಗೆ ತಲುಪುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಏನು ಮಾಡಬಹುದು?

ಟಿ.ವಿ. ಹೇಳದ ಮಾಹಿತಿಯನ್ನು ಸಂಘದ ಗೋಡೆಗೆ ಬರೆದು ಹಾಕಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಸಂರಕ್ಷಣಾಧಿಕಾರಿ ಎಂದರೆ ನಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಗೆ ಬರುವ ಸಿ.ಡಿ.ಪಿ.ಓ. ಆ ಕಾಯಿದೆಯಲ್ಲಿ ಮನೆಯಲ್ಲೇ ಉಳಿಯುವ ಹಕ್ಕು, ಜೀವನಾಂಶ, ರಕ್ಷಣಾ ಆದೇಶ, ಮಕ್ಕಳ ಸುಪರ್ದಿ ಎಲ್ಲ ಕೇಳಬಹುದು. ಗಂಡನನ್ನು ಜೈಲಿಗೆ ಕಳಿಸಲೇಬೇಕೆಂದಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅದರ ಸಂಖ್ಯೆ 15100.

ಕಾರ್ಯಕ್ರಮವೊಂದು ಹೆಂಗಸನ್ನು ಅವಮಾನಿಸಿದರೆ ದೂರು ಕೊಡಿ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ವಾಹಿನಿ ನಿಮ್ಮ ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಸರಿಯಿಲ್ಲದಿದ್ದರೆ ಮತ್ತೆ 15 ದಿನದೊಳಗೆ ವಾಹಿನಿಗಳ ಸ್ವಯಂನಿಯಂತ್ರಣ ಸಂಸ್ಥೆಗೆ, ಆಮೇಲೆ ಕೇಂದ್ರ ಸರ್ಕಾರಕ್ಕೆ ಹೋಗಬಹುದು. ಕಾರ್ಯಕ್ರಮದ ಹೆಸರು, ದಿನ, ಹೊತ್ತು, ಆಡಿದ ಮಾತು, ಇಷ್ಟನ್ನು ಅಂದೇ ಬರೆದಿಟ್ಟುಕೊಳ್ಳಿ. ಊರಿನ ಕೇಬಲ್ ವಾಹಿನಿಯದಾದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ನಿಗಾ ಸಮಿತಿ ಇರಬೇಕೆಂದು ಕೇಂದ್ರದ ಆದೇಶವಿದೆ. ಅದರಲ್ಲಿ ಮಹಿಳಾ ಕಲ್ಯಾಣಕ್ಕೆ ದುಡಿಯುವ ಸಂಸ್ಥೆಯ ಪ್ರತಿನಿಧಿಗೂ ಒಂದು ಸ್ಥಾನವಿದೆ. ನಿಮ್ಮ ಜಿಲ್ಲೆಯಲ್ಲಿ ಆ ಸಮಿತಿ ಇದೆಯೇ, ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ಒಕ್ಕೂಟದ ಸಭೆಯಲ್ಲಿ ಕೇಳಿ, ಅರ್ಜಿ ಬರೆಯಿರಿ. ಒಬ್ಬಳ ಕಾಗದ ಕಸದ ಬುಟ್ಟಿಗೆ ಹೋಗಬಹುದು. ಇಪ್ಪತ್ತು ಸಹಿಯ ಕಾಗದವನ್ನು ಅಷ್ಟು ಸುಲಭವಾಗಿ ಎಸೆಯಲಾರರು.

ವಾಹಿನಿಯವರು ನಿಮ್ಮೂರಿಗೆ ಬಂದರೆ ಅವಳ ಒಪ್ಪಿಗೆ ಇಲ್ಲದೆ ಅವಳ ಹೆಸರು, ಫೋಟೋ, ಮನೆ ತೋರಿಸಬೇಡಿ. ಒಪ್ಪಿದರೂ, ಕಾರ್ಯಕ್ರಮ ಮುಗಿದ ಮೇಲಿನ ರಾತ್ರಿಯ ಬಗ್ಗೆ ಅವಳ ಜೊತೆ ಮೊದಲು ಮಾತಾಡಿ.

ಚರ್ಚೆ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನಾಲ್ಕು ಜನ ಒಟ್ಟಿಗೆ ಕೂತು ನೋಡಿ. ಯಾರು ಎಷ್ಟು ಹೊತ್ತು ಮಾತಾಡಿದರು, ಆ ಹೆಂಗಸಿಗೆ ಎಷ್ಟು ನಿಮಿಷ ಸಿಕ್ಕಿತು, ಅವಳ ಬಗ್ಗೆ ಬಳಸಿದ ಪದ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಲದ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುವವರು ನಾವು. ಈ ಲೆಕ್ಕವನ್ನೂ ಹಿಡಿಯೋಣ. ಒಂದು ತಿಂಗಳ ಲೆಕ್ಕ ಈ ಪತ್ರಿಕೆಗೆ ಕಳಿಸಿಕೊಡಿ.